ಗೋಸುಂಬೆಯ ಹೆರಿಗೆ

ನಮ್ಮ ಮನೆಗೆ ಗೋಸುಂಬೆ ಬಂದದ್ದು ಕಲ್ಲಿನ ಲಾರಿಯಲ್ಲಿ. ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲ. ಕಾಪುವಿನಲ್ಲಿ ಕಡಲು ದಡದ ತೆಂಗಿನ ಮರಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತಿತ್ತು. ಅದನ್ನು ತಡೆಯಲೆಂದು ಕಾರ್ಕಳದ ಕೋರೆಗಳಿಂದ ಬಂಡೆಗಳನ್ನು ತಂದು ಸುರಿಯುತ್ತಿದ್ದರು. ನನ್ನ ಗಂಡ ಅಂಥದ್ದೊಂದು ಲಾರಿಯ ಡ್ರೈವರ್. ಒಂದು ದಿನ ಕಲ್ಲು ಇಳಿಸಿ ನೋಡಿದರೆ ಲಾರಿಯ ಹಿಂಬದಿಯ ಹಗ್ಗವನ್ನು ನಾಲ್ಕೂ ಕಾಲುಗಳಲ್ಲಿ ಹಿಡಿದುಕೊಂಡು ಗೋಸುಂಬೆಯೊಂದು ಕೂತಿತ್ತಂತೆ. ಅಷ್ಟು ದೂರದ ಕುಲುಕಾಟದಲ್ಲೂ ಅದು ಹಿಡಿತ ಬಿಟ್ಟಿರಲಿಲ್ಲ. ಅಪಶಕುನ, ಹೊಡೆದು ಹಾಕಿ ಎಂದರಂತೆ ಅಲ್ಲಿದ್ದವರು. ಇವರು ಅದನ್ನು ಬುತ್ತಿಯ ಚೀಲದಲ್ಲಿ ಹಾಕಿಕೊಂಡು ಅಲೆವೂರಿನ ಮನೆಗೆ ತಂದರು.

"ನೋಡು, ಕಾರ್ಕಳದಿಂದ ಟಿಕೆಟಿಲ್ಲದೆ ಬಂದಿದ್ದಾಳೆ," ಎಂದರು.

ನಾನು ನಗಲಿಲ್ಲ. ನಗುವುದನ್ನು ಬಿಟ್ಟು ಕೆಲವು ತಿಂಗಳಾಗಿತ್ತು. ಆ ಬೇಸಿಗೆಯಲ್ಲಿ ಮಣಿಪಾಲದ ಆಸ್ಪತ್ರೆಯಲ್ಲಿ ನನಗೆ ಹೆರಿಗೆಯಾಗಿತ್ತು. ಮಗು ಹೊಟ್ಟೆಯೊಳಗೇ ಹೋಗಿತ್ತು. ಹೆಣ್ಣು ಎಂದಷ್ಟೇ ನನಗೆ ಗೊತ್ತು. ನನಗೆ ಎಚ್ಚರವಾಗುವಷ್ಟರಲ್ಲಿ ಅದನ್ನು ಬಟ್ಟೆಯಲ್ಲಿ ಸುತ್ತಿ ಕೊಂಡೊಯ್ದಿದ್ದರು. ಎಲ್ಲಿ ಇಟ್ಟರು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮಲ್ಲಿ ಅಂಥ ಮಕ್ಕಳ ಮಾತೆತ್ತುವ ಕ್ರಮ ಇಲ್ಲ. ಅವಕ್ಕೆ ಹೆಸರಿಲ್ಲ, ಉತ್ತರಕ್ರಿಯೆ ಇಲ್ಲ, ಅಳುವುದೂ ಇಲ್ಲ. ಅತ್ತರೆ ಮುಂದೆ ಬರುವ ಮಗುವಿಗೆ ಒಳ್ಳೆಯದಲ್ಲವಂತೆ. ಯಾರು ಮಾಡಿದ ನಿಯಮವೋ. ಮಾಡಿದವರು ಹೆತ್ತವರಂತೂ ಆಗಿರಲಾರರು.

ನಮ್ಮ ಅತ್ತೆಗೆ ಬಾಣಂತಿಯರನ್ನು ಮೀಯಿಸುವುದರಲ್ಲಿ ಊರಿನಲ್ಲೇ ಹೆಸರಿತ್ತು. ಯಾರ ಮನೆಯಲ್ಲಿ ಹೆರಿಗೆಯಾದರೂ ಅವರಿಗೇ ಕರೆ. ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಹೊಯ್ದು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಮೂಗು ತಲೆ ತಿದ್ದಿ ಮೀಯಿಸುವ ಕೈ ಅವರದು. ನನ್ನ ಹೆರಿಗೆಯ ನಂತರ ಅವರು ಎಲ್ಲಿಗೂ ಹೋಗಲಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ, ಕರೆಯಲೂ ಯಾರೂ ಬರಲಿಲ್ಲ. ಹೀಗೆ ಅತ್ತೆ ಸೊಸೆ ಇಬ್ಬರೂ ಒಂದೇ ಮನೆಯೊಳಗೆ ಬೆನ್ನು ಹಾಕಿಕೊಂಡು ಓಡಾಡುತ್ತಿದ್ದೆವು.

ಗೋಸುಂಬೆಯನ್ನು ನಾನು ಜಗಲಿಯ ಪಕ್ಕದ ದಾಸವಾಳದ ಗಿಡದ ಮೇಲೆ ಬಿಟ್ಟೆ. ಓಡಿಹೋದರೆ ಹೋಗಲಿ ಎಂದುಕೊಂಡಿದ್ದೆ. ಆದರೆ ಓಡುವುದು ಅದರ ಜಾತಿಯಲ್ಲೇ ಇಲ್ಲ. ಒಂದು ಕಾಲನ್ನು ಎತ್ತಿ, ಮುಂದಿಡಲೋ ಬೇಡವೋ ಎಂದು ಹಿಂದೆ ಮುಂದೆ ತೂಗಾಡಿ, ಕೊನೆಗೆ ಇಟ್ಟಲ್ಲಿಯೇ ಇಡುವ ಪ್ರಾಣಿ. ಕಣ್ಣು ಒಂದು ಅಡುಗೆಮನೆ ಕಡೆಗೆ, ಇನ್ನೊಂದು ಗೇಟಿನ ಕಡೆಗೆ. "ಇದನ್ನು ಓಟಿಗೆ ನಿಲ್ಲಿಸಬಹುದು, ಬಣ್ಣ ಬದಲಿಸುದು ಯಾರೂ ಕಲಿಸ್ಬೇಕಾಗಿಲ್ಲ," ಎಂದು ಇವರು ತಮಾಷೆ ಮಾಡುತ್ತಿದ್ದರು. ನಾನು ಅದಕ್ಕೆ ಮಿಡತೆ ಹಿಡಿಯಲು ಗದ್ದೆಬದುವಿಗೆ ಹೋಗತೊಡಗಿದೆ. ಬೇಸಿಗೆಯಿಂದ ಅಂಗಳ ದಾಟದವಳು ಮಿಡತೆಯ ನೆಪದಲ್ಲಿ ಬಿಸಿಲು ಕಂಡೆ. ಇವರು ಅದನ್ನು ತಂದದ್ದೇ ಅದಕ್ಕಾಗಿ ಇರಬೇಕು. ಕೇಳಿದರೆ ಒಪ್ಪುವ ಗಂಡಸಲ್ಲ.

ಮಳೆ ಹಿಂದೆ ಸರಿಯುವ ಹೊತ್ತಿಗೆ ಅದರ ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬಿತು. ಮೈಮೇಲೆ ಹಳದಿ ಚುಕ್ಕೆಗಳು ಎದ್ದವು. ಮಿಡತೆಯನ್ನು ಮೂಗಿನೆದುರು ಹಿಡಿದರೂ ಮುಖ ತಿರುಗಿಸುತ್ತಿತ್ತು. ಪಕ್ಕದ ಮನೆಯಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರ್ ಒಬ್ಬರಿದ್ದರು. ಅವರದು ಕೊಂಕಣಿ, ನಮ್ಮದು ತುಳು, ಹಾಗಾಗಿ ಬೇಲಿಯ ಹತ್ತಿರದ ನಮ್ಮ ಮಾತೆಲ್ಲ ಕನ್ನಡದಲ್ಲಿ. ಅವರನ್ನು ಕರೆದು ತೋರಿಸಿದೆ.

"ಹೊಟ್ಟೆಯಲ್ಲಿ ಮೊಟ್ಟೆ ಉಂಟು ಮಾರಾಯ್ತಿ ಇದಕ್ಕೆ," ಎಂದರು ಟೀಚರ್.

"ಈಗ ಎಂತ ಮಾಡ್ಬೇಕು ಟೀಚರ್?"

"ಮಣ್ಣು ಅಗೆದು ಅದರೊಳಗೆ ಇಡ್ತದೆ. ಮೆತ್ತಗಿನ ಒದ್ದೆ ಮಣ್ಣು ಬೇಕು. ಇಡ್ಲಿಕ್ಕೆ ಆಗದಿದ್ರೆ ಇದು ಬದುಕುದಿಲ್ಲ. ಮತ್ತೆ ಎಲೆಗಳಿಗೆ ನೀರು ಚಿಮುಕಿಸುದು ಬಿಡ್ಬೇಡ. ಪಾತ್ರೆಯ ನೀರು ಇದು ಕುಡಿಯುದಿಲ್ಲ, ಎಲೆ ಮೇಲಿನ ಹನಿಯನ್ನೇ ನೆಕ್ಕುದು."

ಇಷ್ಟು ಹೇಳಿ ಅವರು ರಜೆಗೆಂದು ಕಾರ್ಕಳದ ತವರಿಗೆ ಹೋದರು. ನಾನು ದಾಸವಾಳದ ಗಿಡದ ಮುಂದೆ ನಿಂತು ಒಂದೇ ಮಾತು ಅಂದುಕೊಂಡೆ. ಈ ಮನೆಯಲ್ಲಿ ಒಂದು ಹೆರಿಗೆಯಾದರೂ ಸುಸೂತ್ರ ಆಗಬೇಕು. ನನ್ನದಲ್ಲದಿದ್ದರೆ ಇದರದ್ದಾದರೂ. ದೇವರ ಹತ್ತಿರ ಅದಕ್ಕಿಂತ ಹೆಚ್ಚಿಗೆ ಏನನ್ನೂ ಕೇಳುವ ಮನಸ್ಸು ನನಗೆ ಆ ವರ್ಷ ಇರಲಿಲ್ಲ.

ಅತ್ತೆ ಅಲ್ಲಿಯವರೆಗೆ ಅದರ ಹತ್ತಿರ ಸುಳಿದವರಲ್ಲ. ಹೂ ಕೊಯ್ಯುವಾಗಲೂ ಗಿಡದ ಆಚೆ ಬದಿಯಿಂದಲೇ ಕೊಯ್ಯುತ್ತಿದ್ದರು. ವಿಷಯ ಹೇಳಿದಾಗ ಕೈಯ ಕೆಲಸ ಬಿಟ್ಟು ಬಂದು ಅದನ್ನು ಬಹಳ ಹೊತ್ತು ನೋಡಿದರು.

"ಬಸುರಿಯನ್ನು ಹೀಗೆ ಗಾಳಿಯಲ್ಲಿ ಬಿಡುದಾ?" ಎಂದರು.

ಅಂದಿನಿಂದ ಗೋಸುಂಬೆ ಅವರ ಪಾಲಾಯಿತು. ಪೇರಳೆಯ ಗೆಲ್ಲೊಂದನ್ನು ಕಡಿದು ಬಚ್ಚಲಿನ ಹಂಡೆಯ ಒಲೆಯ ಬಳಿ, ಹದವಾಗಿ ಬಿಸಿ ಇರುವಲ್ಲಿ, ನಿಲ್ಲಿಸಿದರು. ಅದರ ಕೆಳಗೆ ಸೀಮೆಎಣ್ಣೆಯ ಡಬ್ಬಿಯನ್ನು ಉದ್ದಕ್ಕೆ ಸೀಳಿ ಮಾಡಿದ ತೊಟ್ಟಿ. ಅದಕ್ಕೆ ಮಣ್ಣು ತಂದು, ಜರಡಿ ಹಿಡಿದು, ಚಾಪೆಯ ಮೇಲೆ ಬಿಸಿಲಿಗೆ ಹರಡಿ ಒಣಗಿಸಿ ತುಂಬಿದರು. ಬಾಣಂತಿಯ ಹಾಸಿಗೆಗೆ ಹಳೆಯ ಸೀರೆ ಒಗೆದು ಒಣಗಿಸುವ ಹಾಗೆಯೇ. ನಾನು ನೀರಿನ ತಂಬಿಗೆ ತಂದಾಗ ಕೈ ಅಡ್ಡ ಹಿಡಿದರು.

"ನೀರು ಚಿಮುಕಿಸುದು ಸಾಕು. ಹೆರುವ ಹೊತ್ತಿಗೆ ಯಾರಾದ್ರೂ ಮೈಗೆ ತಣ್ಣೀರು ಹಾಕ್ತಾರಾ? ಶೀತ ಒಳಗೆ ಹೋದ್ರೆ ಕಷ್ಟ."

"ಟೀಚರ್ ಹೇಳಿದ್ದು ಅತ್ತೆ, ನೀರು ಬೇಕಂತೆ."

"ಟೀಚರ್ ಓದಿದ್ದು. ನಾನು ಕಂಡದ್ದು."

ಅತ್ತೆಯೊಡನೆ ವಾದ ಮಾಡಿ ಗೆದ್ದವರನ್ನು ನಾನು ಇಂದಿನವರೆಗೂ ಕಂಡಿಲ್ಲ. ಅದಿರಲಿ, ನನಗೂ ಅವರ ಮಾತು ಸರಿಯೆಂದೇ ತೋರಿತು. ಮಗುವಿಲ್ಲದ ಬಾಣಂತನದಲ್ಲೂ ಅವರು ನನ್ನನ್ನು ಹಾಗೆಯೇ ನೋಡಿಕೊಂಡಿದ್ದರು. ಕುಡಿಯಲು ಜೀರಿಗೆ ಹಾಕಿ ಕುದಿಸಿದ ನೀರು, ಅದೂ ಒಂದೊಂದೇ ಗುಟುಕು. ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಹೆತ್ತ ಮೈ ಒಣಗಿದಷ್ಟೂ ಗಟ್ಟಿಯಾಗುತ್ತದೆ ಎಂದು ನಮ್ಮ ಕಡೆಯ ಹೆಂಗಸರೆಲ್ಲ ನಂಬಿದ್ದರು. ಇನ್ನೊಂದು ಕಾರಣವೂ ಇತ್ತು. ತಿಂಗಳುಗಟ್ಟಲೆ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಅತ್ತೆಯ ಕೈಗಳು ಈಗ ಓಡಾಡುತ್ತಿದ್ದವು. ಒಲೆಗೆ ಸೌದೆ ಒಟ್ಟುತ್ತಾ ಅವರು ಆ ಪ್ರಾಣಿಯೊಡನೆ ತುಳುವಿನಲ್ಲಿ ಮೆಲ್ಲಗೆ ಮಾತಾಡುವುದು ಕೇಳುತ್ತಿತ್ತು. ಅದನ್ನು ಕೇಳುತ್ತಾ ಅಡುಗೆಮನೆಯಲ್ಲಿ ನನಗೂ ಜೀವ ಹಗುರಾಗುತ್ತಿತ್ತು.

ಗೋಸುಂಬೆ ಗೆಲ್ಲಿನಿಂದ ಇಳಿದು ತೊಟ್ಟಿಯ ಮಣ್ಣನ್ನು ಕೆದಕತೊಡಗಿತು. ನಾವಿಬ್ಬರೂ ಬಾಗಿಲ ಸಂದಿಯಿಂದ ನೋಡಿದೆವು. ಮುಂಗಾಲುಗಳಿಂದ ಮಣ್ಣು ಎಳೆಯುವುದು, ಹಿಂಗಾಲುಗಳಿಂದ ದೂಡುವುದು. ಆದರೆ ಆ ನಯವಾದ ಒಣ ಮಣ್ಣು ಅಗೆದ ಹಾಗೆಯೇ ಕುಸಿದು ಗುಂಡಿ ಮುಚ್ಚಿಹೋಗುತ್ತಿತ್ತು. ಅದು ಇನ್ನೊಂದು ಮೂಲೆಗೆ ಹೋಗಿ ಮತ್ತೆ ಶುರು ಮಾಡುತ್ತಿತ್ತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ.

"ಬೇನೆ ಇನ್ನೂ ಸರಿ ಬರ್ಲಿಲ್ಲ," ಎಂದು ಅತ್ತೆ ಒಲೆಗೆ ಇನ್ನೊಂದು ಸೌದೆ ಇಟ್ಟರು.

ಹಸಿರು ಹೋಗಿ ಅದರ ಮೈ ಇದ್ದಿಲಿನ ಬಣ್ಣಕ್ಕೆ ತಿರುಗಿತು. ಎತ್ತಿಕೊಂಡರೆ ಬೆರಳು ಹಿಡಿಯುವ ಬಿಗಿ ಇಲ್ಲ. ಆ ಉಬ್ಬುಗಣ್ಣುಗಳು ಒಳಕ್ಕೆ ಇಳಿದಿದ್ದವು. ನನಗೆ ಆಸ್ಪತ್ರೆಯ ಮಂಚ ನೆನಪಾಯಿತು. ಅದೇ ಬೆಳಿಗ್ಗೆ ಟೀಚರ್ ಊರಿಂದ ಬಂದಿದ್ದರು. ನಾನು ಓಡಿಹೋಗಿ ಕರೆತಂದೆ. ಅವರು ಒಲೆಯನ್ನು ನೋಡಿದರು, ತೊಟ್ಟಿಯ ಮಣ್ಣನ್ನು ಮುಟ್ಟಿದರು, ಯಾರನ್ನೂ ಬೈಯಲಿಲ್ಲ.

"ನೀರು ಬೇಕು. ಸ್ವಲ್ಪ ಹತ್ತಿ ಕೊಡಿ," ಎಂದರು.

ಹತ್ತಿಯನ್ನು ಅದ್ದಿ ಅದರ ಬಾಯಂಚಿಗೆ ಹನಿ ಬಿಟ್ಟೆವು. ಮೊದಲ ಹನಿಗಳು ಹಾಗೆಯೇ ಜಾರಿಹೋದವು. ಆಮೇಲೆ ಬಾಯಿ ತೆರೆಯಿತು. ಕುಡಿಯಿತು, ಕುಡಿಯುತ್ತಲೇ ಇತ್ತು. ಅಷ್ಟು ಸಣ್ಣ ಪ್ರಾಣಿಗೆ ಅಷ್ಟು ಬಾಯಾರಿಕೆ ಇರಬಹುದೆಂದು ನಾನು ಎಣಿಸಿರಲಿಲ್ಲ. ಅತ್ತೆ ಬಚ್ಚಲ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಆಮೇಲೆ ಒಲೆಯ ಕೊಳ್ಳಿಗಳನ್ನು ಹೊರಗೆಳೆದು ನೀರು ಹೊಯ್ದು ಆರಿಸಿದರು.

ಬಾವಿಕಟ್ಟೆಯ ನೀರು ಹರಿದು ಹೋಗುವ ಬಾಳೆಬುಡದಲ್ಲಿ ಮಣ್ಣು ಸದಾ ತೇವ. ಅಲ್ಲಿಗೆ ಕೊಂಡೊಯ್ದು ಬಿಟ್ಟೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಅದು ಅಗೆಯತೊಡಗಿತು. ಈ ಸಲ ಮಣ್ಣು ಕುಸಿಯಲಿಲ್ಲ. ತಲೆ ಒಳಗೆ ಹೋಯಿತು, ಆಮೇಲೆ ಹೆಗಲು, ಆಮೇಲೆ ಬಾಲವೊಂದೇ ಹೊರಗೆ. ಕೋಳಿಗಳು ಬಾರದ ಹಾಗೆ ಅತ್ತೆ ಕೋಲು ಹಿಡಿದು ಮಧ್ಯಾಹ್ನದ ಊಟವನ್ನೂ ಬಿಟ್ಟು ಅಲ್ಲೇ ಕೂತರು. ಇವರು ಲಾರಿ ನಿಲ್ಲಿಸಿ ಬಂದವರು ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಸದ್ದಾಗದಂತೆ ಹಿಂದೆ ನಿಂತರು. ಅದು ಒಳಗೆ ತಿರುಗಿ, ಮುಖ ಹೊರಗೆ ಮಾಡಿ, ಒಂದೊಂದೇ ಮೊಟ್ಟೆ ಇಟ್ಟಿತು. ಸಂಜೆಗೆ ಹೊರಗೆ ಬಂದು ಹಿಂಗಾಲಿನಿಂದ ಮಣ್ಣು ದೂಡಲು ನೋಡಿತು. ಶಕ್ತಿ ಇರಲಿಲ್ಲ. ಉಳಿದ ಮಣ್ಣನ್ನು ನಾನೇ ಮುಚ್ಚಿದೆ.

ಟೀಚರ್ ಅದರ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿದರು. ಇನ್ನೂ ಗಂಟುಗಂಟು ಇತ್ತು.

"ಎಲ್ಲ ಬರ್ಲಿಲ್ಲ," ಎಂದರು.

"ನೀರು ಕೊಡದ್ದರಿಂದಲಾ ಟೀಚರ್?" ಅತ್ತೆ ಕೇಳಿದರು. ಅವರು ಕನ್ನಡ ಮಾತಾಡುವುದೇ ಅಪರೂಪ.

ಟೀಚರ್ ಕೈಯ ಮಣ್ಣು ಒರೆಸಿಕೊಂಡರು. "ಅದಕ್ಕೂ ಪ್ರಾಯ ಆಗಿರ್ಬಹುದು ಅಮ್ಮಾ," ಎಂದರು.

ಸುಳ್ಳು ಹೇಳಿ ಅಭ್ಯಾಸ ಇಲ್ಲದ ಹೆಂಗಸು. ಅತ್ತೆ ತಲೆಯಾಡಿಸಿದರು, ನಂಬಲಿಲ್ಲ.

ಬೆಳಗಾಗುವಾಗ ಅದು ಬಾಳೆಬುಡದ ಬಳಿ, ರಾತ್ರಿ ನಾವು ಮುಚ್ಚಿಟ್ಟಿದ್ದ ಬುಟ್ಟಿಯಡಿಯಲ್ಲಿ ಸತ್ತಿತ್ತು. ಮೊಟ್ಟೆಗಳಿದ್ದ ಜಾಗಕ್ಕೆ ನಾನು ಮುಂದಿನ ಮಳೆಗಾಲದವರೆಗೂ ಕೋಳಿ ಕೆದಕದ ಹಾಗೆ ಮುಳ್ಳು ಮುಚ್ಚಿ ಕಾದೆ. ಒಂದೂ ಒಡೆಯಲಿಲ್ಲ. ತಾಯಿಯ ಮೈಯಲ್ಲೇ ನೀರಿಲ್ಲದಾಗ ಮೊಟ್ಟೆಗೆ ಎಲ್ಲಿಂದ ಬರಬೇಕು. ಆ ಸಂಕಟ ಬಹಳ ದಿನ ನನ್ನನ್ನು ಬಿಡಲಿಲ್ಲ.

ಸತ್ತ ಆ ಬೆಳಿಗ್ಗೆ ಅದನ್ನು ಬಾಳೆಎಲೆಯಲ್ಲಿ ಸುತ್ತಿ, ಹಾರೆ ಹಿಡಿದು ಮನೆಯ ಹಿಂದೆ ಹೋದೆ. ಬಿಂಬುಳಿ ಮರದ ಕೆಳಗೆ ನೆರಳಿತ್ತು, ಮಣ್ಣೂ ಮೆತ್ತಗೆ ಕಂಡಿತು. ಹಾರೆ ಎತ್ತಿದ್ದೆ ಅಷ್ಟೆ, ಹಿಂದಿನಿಂದ ಅತ್ತೆ ಬಂದು ನನ್ನ ತೋಳು ಹಿಡಿದರು.

"ಅಲ್ಲಿ ಬೇಡ ಮಗಾ."

"ಯಾಕೆ ಅತ್ತೆ?"

ಅವರು ಮರದ ಬುಡವನ್ನೇ ನೋಡುತ್ತಿದ್ದರು.

"ಅಲ್ಲಿ ಮಗು ಉಂಟು."

ಹಾರೆ ಕೆಳಗಿಟ್ಟೆ. ನಾನು ಅಲ್ಲೇ ಕೂತೆ. ನೆಲದ ಮೇಲೆ ಉದುರಿದ ಬಿಂಬುಳಿಗಳು, ಇರುವೆಗಳು, ಬೇರೆ ಯಾವ ಗುರುತೂ ಇಲ್ಲ. ಸಾರಿಗೆ ಹುಳಿ ಬೇಕಾದಾಗಲೆಲ್ಲ ನಾನು ಅಲ್ಲಿಗೆ ಬಂದು ಹೋದವಳು. ಅತ್ತೆಯೂ ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಆಗ ಅವರಿಗೆ ಅಳು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಯಾರಿಗಾಗಿ ಎಂದು ನಾನು ಕೇಳಬೇಕಾಗಿರಲಿಲ್ಲ. ನನಗೂ ಅಳು ತಡೆಯಲಾಗಲಿಲ್ಲ. ಹೆತ್ತ ಮೇಲೆ ಮೊದಲ ಸಲ ನಾನು ಸದ್ದು ಮಾಡಿ ಅತ್ತದ್ದು ಆಗಲೇ.

ಮುಖ ಒರೆಸಿಕೊಂಡು ಕೇಳಿದೆ. "ನೀವು ನೋಡಿದ್ರಾ ಅವಳನ್ನು?"

"ನೋಡದೆ ಮತ್ತೆ? ತಲೆ ತುಂಬ ಕೂದಲಿತ್ತು," ಎಂದರು. ಆಮೇಲೆ ಎರಡೂ ಕಾಲುಗಳನ್ನು ಮುಂದಕ್ಕೆ ಚಾಚಿ, ಅವುಗಳ ಮೇಲೆ ಖಾಲಿ ಅಂಗೈ ಇಟ್ಟು ತೋರಿಸಿದರು. "ಇಲ್ಲೇ ಮಲಗಿಸಿ, ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು ಮೀಯಿಸಿಯೇ ನಿನ್ನ ಗಂಡನ ಕೈಗೆ ಕೊಟ್ಟದ್ದು."