ಕರಿಯನ ಹತ್ತು ದಿನ

ಚಂದ್ರಮೌಳಿಯವರ ಹತ್ತಿರ ಸ್ವಂತದ್ದು ಅನ್ನುವಂಥದ್ದು ಏನೂ ಇರಲಿಲ್ಲ. ಹತ್ತೊಂಬತ್ತು ವರ್ಷದ ಬ್ಯಾಂಕ್ ನೌಕರಿಯಲ್ಲಿ ಎಂಟು ಊರು ಸುತ್ತಿದ ಆಫೀಸರ್ ಅವರು. ಹೆಂಡತಿ ಪದ್ಮಾ ಮಕ್ಕಳ ಓದಿಗಾಗಿ ಚಿತ್ರದುರ್ಗದಲ್ಲೇ ಉಳಿದಿದ್ದರು. ವಿಜಯವಾಡದ ಭವಾನಿಪುರಂನಲ್ಲಿ ಇವರು ಹಿಡಿದಿದ್ದ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಒಂದು ಮಡಿಸುವ ಮಂಚ, ಒಂದು ಸೀಮೆಎಣ್ಣೆ ಸ್ಟೋವ್, ಒಂದು ಟ್ರಂಕು. ಕುರ್ಚಿ ಕೂಡ ಮನೆ ಒಡತಿ ರಾಜ್ಯಲಕ್ಷ್ಮಿಯವರದು. "ನಾಳೆ ಟ್ರಾನ್ಸ್‌ಫರ್ ಆರ್ಡರ್ ಬಂದ್ರೆ ಇದನ್ನೆಲ್ಲ ಯಾರು ಹೊರ್ತಾರೆ ಶಂಕರ್?" ಅನ್ನುವುದು ಅವರ ನಿತ್ಯದ ಮಂತ್ರ. ಅದೇ ಬ್ರಾಂಚಿನಲ್ಲಿ ಅವರ ಕೈಕೆಳಗಿದ್ದ ನಾನು ತುಮಕೂರಿನವನು, ಹೆಂಡತಿ ಮಕ್ಕಳ ಜೊತೆ ಎರಡು ಬೀದಿ ಆಚೆ ಇದ್ದೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಆರ್ಡರ್ ಬರುವ ತನಕ ಮನುಷ್ಯ ಬದುಕಬಾರದೇ?

ಆದರೆ ಒಂದು ನಾಯಿ ಇತ್ತು. ಮರಿಯಾಗಿದ್ದಾಗ ಎಲ್ಲಿಂದಲೋ ಆ ಕಾಂಪೌಂಡಿನೊಳಗೆ ಬಂದು ಇವರ ಬಾಗಿಲಲ್ಲೇ ಮಲಗಿಕೊಂಡಿತು. ಇವರು ಕರಿಯ ಎಂದು ಕರೆದರು. ಅನ್ನ ಮೊಸರು ಕಲಸಿ ಮೊದಲ ತುತ್ತು ಅದಕ್ಕೆ ಹಾಕಿ, ಆಮೇಲೆ ತಾವು ಉಣ್ಣುತ್ತಿದ್ದರು. ಚಂದ್ರಮೌಳಿಯವರು ತೆಲುಗು ಮಾತಾಡಿದರೆ ಸರ್ಕ್ಯುಲರ್ ಓದಿದ ಹಾಗಿರುತ್ತಿತ್ತು. ಬಾಯಿ ತುಂಬ ಕನ್ನಡ ಮಾತಾಡಲು ಅವರಿಗೆ ಆ ಬೀದಿಯಲ್ಲಿ ಸಿಕ್ಕಿದ್ದು ಆ ನಾಯಿ ಒಂದೇ. ಸಾಯಂಕಾಲ ಮೆಟ್ಟಿಲ ಮೇಲೆ ಕೂತು "ಇವತ್ತು ಮ್ಯಾನೇಜರು ಏನಂದ್ರು ಗೊತ್ತೇನೋ?" ಎಂದು ಶುರು ಮಾಡಿದರೆ ಅದು ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಿತ್ತು. ನಾನಾದರೆ ಅಷ್ಟು ಹೊತ್ತು ಕೇಳುತ್ತಿರಲಿಲ್ಲ.

ಇಷ್ಟಿದ್ದರೂ ಯಾರಾದರೂ ಕೇಳಿದರೆ "ಅದು ನಮ್ಮದಲ್ಲ, ರಾಜ್ಯಲಕ್ಷ್ಮಿಗಾರಿದು" ಅನ್ನುತ್ತಿದ್ದರು. ಎಂಬತ್ತೈದನೇ ಇಸವಿಯಲ್ಲಿ ಅದರ ಕಿವಿಯ ಗಾಯಕ್ಕೆ ಹುಳು ಬಿದ್ದಾಗ ಸೈಕಲ್ ರಿಕ್ಷಾದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ದನದ ಆಸ್ಪತ್ರೆಗೆ ಕರೆದೊಯ್ದವರು ಇವರೇ. ಅಲ್ಲಿ ಕಾಂಪೌಂಡರು ರಿಜಿಸ್ಟರ್ ತೆಗೆದು ಯಜಮಾನರ ಹೆಸರು ಕೇಳಿದ. ಇವರು ರಾಜ್ಯಲಕ್ಷ್ಮಿಯವರ ಹೆಸರು ಬರೆಸಿದರು. ವರ್ಷಕ್ಕೊಂದು ಸಲ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ ಎಂದು ಡಾಕ್ಟರ್ ಗೋಪಾಲಕೃಷ್ಣ ಹೇಳಿದಾಗ "ಯಜಮಾನರಿಗೆ ತಿಳಿಸ್ತೀನಿ" ಎಂದು ಬಂದರು. ತಿಳಿಸಲೂ ಇಲ್ಲ, ಲಸಿಕೆ ಹಾಕಿಸಲೂ ಇಲ್ಲ. ಹಾಕಿಸಿದರೆ ತಮ್ಮದಾಗಿಬಿಡುತ್ತದೆ ಎಂದು ಹೆದರಿದ್ದರೋ ಏನೋ.

ಎಂಬತ್ತೇಳರ ಮೇ ತಿಂಗಳ ಒಂದು ಸಾಯಂಕಾಲ ಅವರ ಮನೆಗೆ ಹೋಗಿದ್ದೆ. ಅಂಚೆಯಲ್ಲಿ ಮೂರು ದಿನ ತಡವಾಗಿ ಬರುವ ಕನ್ನಡ ಪತ್ರಿಕೆಯನ್ನು ನಾವಿಬ್ಬರೂ ಹಂಚಿಕೊಂಡು ಓದುತ್ತಿದ್ದೆವು. ಇಬ್ರಾಹಿಂಪಟ್ನಂನ ಕರೆಂಟಿನ ಕಾರ್ಖಾನೆ ಅಷ್ಟು ಹತ್ತಿರದಲ್ಲಿದ್ದರೂ ನಮ್ಮ ಫ್ಯಾನು ಮಾತ್ರ ತಿರುಗುತ್ತಿರಲಿಲ್ಲ. ಒಳಗೆ ಸೆಖೆ ತಡೆಯಲಾರದೆ, ಪತ್ರಿಕೆ ಓದುತ್ತಲೇ ಮೆಟ್ಟಿಲಿಳಿದೆ. ಕರಿಯ ಅಲ್ಲಿ ಮಲಗಿದ್ದುದನ್ನು ನೋಡದೆ ಅದರ ಬಾಲದ ಮೇಲೆ ಕಾಲಿಟ್ಟೆ. ಅದು ತಿರುಗಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಎರಡು ಹಲ್ಲು ಇಳಿದು ರಕ್ತ ಬಂತು.

ನಾನು ಚಿಕ್ಕವನಿದ್ದಾಗ ನಮ್ಮೂರಿನ ಮೇಷ್ಟ್ರೊಬ್ಬರು ನಾಯಿ ಕಚ್ಚಿ ಸತ್ತಿದ್ದರು. ಅವರನ್ನು ಮಂಚಕ್ಕೆ ಕಟ್ಟಿದ್ದರು. ನೀರಿನ ಲೋಟ ಕಂಡರೆ ಕಿರುಚುತ್ತಿದ್ದುದನ್ನು ಕಿಟಕಿಯಿಂದ ನಾನೇ ನೋಡಿದ್ದೆ. ಆ ಕಿರುಚಾಟ ಆ ಸಾಯಂಕಾಲ ನನ್ನ ಕಿವಿಗೆ ವಾಪಸು ಬಂತು.

ಗಾಯವನ್ನು ಸೋಪು ಹಾಕಿ ತೊಳೆದು ಚಂದ್ರಮೌಳಿಯವರೇ ನನ್ನನ್ನೂ ನಾಯಿಯನ್ನೂ ಡಾಕ್ಟರ್ ಗೋಪಾಲಕೃಷ್ಣ ಅವರ ಹತ್ತಿರ ಕರೆದೊಯ್ದರು. ರಾಜ್ಯಲಕ್ಷ್ಮಿಯವರೂ ಬಂದರು. ಡಾಕ್ಟರು ರಿಜಿಸ್ಟರಿನ ಹಳೆಯ ಪುಟ ಹುಡುಕಿ ನೋಡಿ, ಲಸಿಕೆ ಆಗಿಲ್ಲವೆಂದು ತಲೆಯಾಡಿಸಿದರು. "ಹತ್ತು ದಿನ ಕಟ್ಟಿಹಾಕಿ ನೋಡೋಣ. ಹತ್ತು ದಿನ ಚೆನ್ನಾಗಿದ್ದರೆ ಇವರಿಗೆ ಸೂಜಿ ಬೇಡ. ನಡುವೆ ಏನಾದರೂ ಲಕ್ಷಣ ಕಂಡರೆ ಆ ದಿನವೇ ಸೂಜಿ ಶುರು ಮಾಡಬೇಕು, ಹೊಕ್ಕುಳ ಸುತ್ತ ಹದಿನಾಲ್ಕು," ಎಂದರು. ರಾಜ್ಯಲಕ್ಷ್ಮಿಯವರ ಮನೆಗೆ ಬೇಸಿಗೆ ರಜೆಗೆಂದು ಮೊಮ್ಮಕ್ಕಳು ಬಂದಿದ್ದರು. ಇವತ್ತೇ ನಾಯಿಗೆ ಮದ್ದು ಕೊಟ್ಟು ಮುಗಿಸಬಾರದೇ ಎಂದು ಆಕೆ ಕೇಳಿದರು. "ಕಚ್ಚಿಸಿಕೊಂಡವರು ಸೂಜಿ ತಗೊಳ್ಳದೆ ಕಾಯುತ್ತಿರುವಾಗ ನಾಯಿ ಬದುಕಿರಲೇಬೇಕಮ್ಮಾ," ಎಂದರು ಡಾಕ್ಟರು.

ಹೀಗೆ ಅದರ ಪ್ರಾಣ ನನ್ನ ಕೈಗೆ ಬಂತು, ನನ್ನದು ಅದರ ಕೈಗೆ ಹೋಯಿತು. ಹುಟ್ಟಿದಾಗಿನಿಂದ ಸರಪಳಿ ಕಾಣದ ಕರಿಯನನ್ನು ಬಾವಿಯ ಪಕ್ಕದ ನುಗ್ಗೆಮರಕ್ಕೆ ಕಟ್ಟಿದರು. ದಿನಾ ಬ್ಯಾಂಕಿಗೆ ಹೋಗುವ ಮೊದಲು, ಬಂದ ಮೇಲೆ, ನಾನು ಗೇಟಿನ ಹೊರಗೆ ನಿಂತು ಅದನ್ನು ನೋಡುತ್ತಿದ್ದೆ. ನಲವತ್ತು ದಾಟಿದ ಗಂಡಸು ನಾಯಿಯ ಯೋಗಕ್ಷೇಮ ವಿಚಾರಿಸುವುದನ್ನು ಕಂಡು ಬೀದಿಯವರು ನಕ್ಕರು. ನಗಲಿ. ಅದು ನೀರು ಕುಡಿದರೆ ನನ್ನ ಗಂಟಲಲ್ಲೂ ನೀರಿಳಿಯುತ್ತಿತ್ತು. ಆಕಳಿಸಿದರೆ, ಇದೇನು ಲಕ್ಷಣವೋ ಎಂದು ಗೇಟು ಹಿಡಿದು ಇನ್ನಷ್ಟು ಹೊತ್ತು ನಿಲ್ಲುತ್ತಿದ್ದೆ. ಮನೆಯಲ್ಲಿ ನಾನು ಮಕ್ಕಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹೆಂಡತಿ ಕಮಲಾ ಲೋಟದಲ್ಲಿ ನೀರು ಕೊಟ್ಟಾಗಲೆಲ್ಲ ಅವಳಿಗೆ ಕಾಣದಂತೆ ನನ್ನನ್ನೇ ನಾನು ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ.

ಚಂದ್ರಮೌಳಿಯವರು ಮಾತ್ರ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂರುತ್ತಿದ್ದರು. "ಐದು ದಿನ ಆಯ್ತು ಶಂಕರ್, ಇನ್ನೈದೇ," ಎಂದು ನನಗೆ ಧೈರ್ಯ ಹೇಳುತ್ತಿದ್ದರು. ಅವರ ಕಣ್ಣು ನೋಡಿದರೆ ಅವರೂ ನಿದ್ದೆ ಮಾಡಿದಂತೆ ಕಾಣುತ್ತಿರಲಿಲ್ಲ.

ಆರನೆಯ ದಿನ ಬೆಳಿಗ್ಗೆ ನಾನು ಗೇಟಿನ ಹತ್ತಿರ ಬರುವಷ್ಟರಲ್ಲಿ ಕರಿಯನ ಬಾಯಿಂದ ನೊರೆ ಸುರಿಯುತ್ತಿತ್ತು. ತಲೆ ಒದರುತ್ತಿತ್ತು, ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತಿತ್ತು. ನೀರಿನ ಬಟ್ಟಲು ಅದರ ಪಕ್ಕದಲ್ಲೇ ಬೋರಲು ಬಿದ್ದಿತ್ತು. ಅಲ್ಲೇ ರಸ್ತೆಯಲ್ಲಿ ಕೂತೆ. ಹೇಳಿಕೊಳ್ಳಲು ನಾಚಿಕೆ ಯಾಕೆ, ಮಗುವಿನ ಹಾಗೆ ಅತ್ತೆ. ಚಂದ್ರಮೌಳಿಯವರು ರಿಕ್ಷಾ ಹಿಡಿದು ಡಾಕ್ಟರನ್ನು ಕರೆತಂದರು. ಡಾಕ್ಟರು ದೂರದಲ್ಲಿ ನಿಂತು ನಾಯಿಯನ್ನು ನೋಡಿದರು. ಆಮೇಲೆ ಇಬ್ಬರೂ ಬಾವಿಯ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಮಾತಾಡಿಕೊಂಡರು.

ಚಂದ್ರಮೌಳಿಯವರು ನಾಯಿಯ ಪರ ವಕಾಲತ್ತು ಮಾಡಲು ಬರುತ್ತಾರೆ, ಬಂದರೆ ಕೆನ್ನೆಗೆ ಬಾರಿಸಿಬಿಡುತ್ತೇನೆ ಎಂದುಕೊಂಡೆ. ಅವರು ಬಂದು ನನ್ನ ಭುಜ ಹಿಡಿದು ಎಬ್ಬಿಸಿದರು.

"ನಡೀರಿ ಶಂಕರ್. ಈಗಲೇ ಸೂಜಿ ಶುರು ಮಾಡ್ಬಿಡೋಣ."

ದೊಡ್ಡಾಸ್ಪತ್ರೆಯ ಸಾಲಿನಲ್ಲಿ ಅವರೇ ನಿಂತು ಚೀಟಿ ಮಾಡಿಸಿದರು. ಸೂಜಿ ಹೊಟ್ಟೆಯೊಳಗೆ ಇಳಿಯುವಾಗ ನನ್ನ ಕೈ ಹಿಡಿದುಕೊಂಡಿದ್ದವರೂ ಅವರೇ. ವಾಪಸು ಬಂದಾಗ ರಾಜ್ಯಲಕ್ಷ್ಮಿಯವರು ಜಗುಲಿಯಲ್ಲಿ ನಿಂತು ಸೂಜಿ ಆಯಿತೇ ಎಂದು ವಿಚಾರಿಸಿದರು. "ಆಯ್ತಮ್ಮಾ, ಇನ್ನು ಆ ನಾಯಿ ಇದ್ದರೆಷ್ಟು, ಸತ್ತರೆಷ್ಟು," ಎಂದೆ. ನೋವಿನಲ್ಲಿ ಬಂದ ಮಾತು. ಪಕ್ಕದಲ್ಲಿದ್ದ ಚಂದ್ರಮೌಳಿಯವರು ನಾಯಿಯ ಬಟ್ಟಲಿಗೆ ನೀರು ತುಂಬಲು ಬಾವಿಯ ಕಡೆ ಹೋದರು.

ಮರುದಿನ ಸಾಯಂಕಾಲ ಬ್ಯಾಂಕಿನಿಂದ ಇಬ್ಬರೂ ಒಟ್ಟಿಗೆ ಬಂದೆವು. ನುಗ್ಗೆಮರದ ಬುಡದಲ್ಲಿ ಬರೀ ಸರಪಳಿ ಬಿದ್ದಿತ್ತು. ನನ್ನ ಸೂಜಿ ಶುರುವಾಯಿತಲ್ಲ, ಇನ್ನು ಕಾಯಬೇಕಿಲ್ಲವೆಂದು ರಾಜ್ಯಲಕ್ಷ್ಮಿಯವರು ಮಧ್ಯಾಹ್ನ ಆಳು ಕರೆಸಿ ಕರಿಯನನ್ನು ದನದ ಆಸ್ಪತ್ರೆಗೆ ಸಾಗಿಸಿದ್ದರು. ಡಾಕ್ಟರು ಮಂಗಳಗಿರಿ ಕಡೆ ದನಗಳ ಶಿಬಿರಕ್ಕೆ ಹೋಗಿದ್ದರಂತೆ. ಕಾಂಪೌಂಡರು ರಿಜಿಸ್ಟರ್ ತೆಗೆದ, ಯಜಮಾನರ ಹೆಸರು ತಾಳೆಯಾಯಿತು, ಸಹಿ ಹಾಕಿಸಿಕೊಂಡು ಪ್ರಾಣ ತೆಗೆಯುವ ಮದ್ದು ಚುಚ್ಚಿದ. ಹುಚ್ಚಿನ ರೋಗವಿತ್ತೋ ಇಲ್ಲವೋ ತಿಳಿಯಲು ತಲೆಯನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದರು.

ಚಂದ್ರಮೌಳಿಯವರು ಬಾವಿಕಟ್ಟೆಯ ಮೇಲೆ ಕೂತರು. "ನನ್ನನ್ನ ಒಂದ್ಮಾತು ಕೇಳಬಾರದಿತ್ತೇನಮ್ಮಾ?" ಎಂದರು, ಕನ್ನಡದಲ್ಲೇ.

ರಾಜ್ಯಲಕ್ಷ್ಮಿಯವರೂ ಅಳುತ್ತಿದ್ದರು. "ಮೀದೇ ಅಯಿತೇ ಚೆಪ್ಪಾಲಿ ಕದಂಡಿ," ಎಂದರು. ನಿಮ್ಮದೇ ಆಗಿದ್ದರೆ ಹೇಳಬೇಕಿತ್ತಲ್ಲವೇ ಎಂದು. 

ಉಳಿದ ಹದಿಮೂರು ಸೂಜಿಗೂ ಅವರು ನನ್ನ ಜೊತೆ ಬಂದರು. ಒಂದು ದಿನವೂ ನನ್ನನ್ನು ಆಡಿಕೊಳ್ಳಲಿಲ್ಲ. ದಾರಿಯಲ್ಲಿ ಯಾವುದಾದರೂ ನಾಯಿ ಅಡ್ಡ ಬಂದರೆ ಮಾತ್ರ ಮುಖ ಆಚೆ ತಿರುಗಿಸುತ್ತಿದ್ದರು. ಅದನ್ನು ನೋಡುವುದಕ್ಕಿಂತ ಸೂಜಿಯೇ ವಾಸಿ ಅನ್ನಿಸುತ್ತಿತ್ತು ನನಗೆ.

ಮೂರು ವಾರದ ಮೇಲೆ ಡಾಕ್ಟರು ಹೇಳಿಕಳಿಸಿದರು. ಪರೀಕ್ಷೆಯ ವರದಿ ಬಂದಿತ್ತು. ನಾಯಿಗೆ ಹುಚ್ಚಿನ ರೋಗ ಇರಲಿಲ್ಲ. ನಾನೂ ಚಂದ್ರಮೌಳಿಯವರೂ ಆಸ್ಪತ್ರೆಯ ಹೊರಗೆ ಬೇವಿನ ನೆರಳಿಗೆ ಬಂದೆವು.

"ಅದಕ್ಕೆ ಏನೂ ಆಗಿರ್ಲಿಲ್ಲ," ಎಂದೆ.

"ನಂಗೆ ಹಾಗೇ ಅನ್ನಿಸಿತ್ತು. ಆವತ್ತು ಬೆಳಿಗ್ಗೆ ಅದರ ಬಾಯಲ್ಲಿ ಬಾವಿ ಪಕ್ಕದ ಕಪ್ಪೆ ಇತ್ತು. ನಾನೇ ಬಿಡಿಸಿದೆ. ಆಮೇಲೆ ನೊರೆ ಶುರುವಾಯ್ತು. ನಾಯಿ ಕಪ್ಪೇನ ಕಚ್ಚಿದ್ರೂ ಹಾಗಾಗುತ್ತೆ ಅಂದ್ರು ಡಾಕ್ಟ್ರು. ಖಾತ್ರಿಯಾಗಿ ಹೇಳೋಕಾಗಲ್ಲ, ಇನ್ನು ನಾಲ್ಕು ದಿನ ಕಾದ್ರೆ ಗೊತ್ತಾಗುತ್ತೆ ಅಂದ್ರು."

ನನಗೆ ಕೆಂಡದಂಥ ಸಿಟ್ಟು ಬಂತು. "ಮತ್ತೆ ನಂಗ್ಯಾಕ್ರೀ ಹೇಳ್ಲಿಲ್ಲ? ಹೇಳಿದ್ರೆ ನಾನು ಕಾಯ್ತಿದ್ದೆ. ಕರಿಯ ಉಳೀತಿತ್ತು!"

"ಕಾಯ್ತಿದ್ರಿ, ಗೊತ್ತು. ಅದಕ್ಕೇ ಹೇಳ್ಲಿಲ್ಲ," ಎಂದರು ಚಂದ್ರಮೌಳಿ. "ನೊರೆ ಬಂದಿದ್ದು ಕಪ್ಪೆಯಿಂದ ಅಲ್ದೇ ಇದ್ದಿದ್ರೆ ಶಂಕರ್? ನಿಮ್ಮ ಮಕ್ಕಳು ಇನ್ನೂ ಚಿಕ್ಕವು."

ಬದುಕಿ ಅವರ ಎದುರು ನಿಂತಿದ್ದೆನಲ್ಲ, ಅದಕ್ಕೇ ನಾಚಿಕೆಯಾಯಿತು.