ತಾತನ ಎಡೆಗೆ ಹೋಟೆಲ್ ಸಾರು

ಪುಟ್ಟಿ, ಚಿನ್ನು, ಭಾನುವಾರ ಫೋನಿನಲ್ಲಿ ಊಟ ತರಿಸಿಕೊಂಡು ನೀವೆಲ್ಲ ಪಾರ್ಸಲ್ ಹಿಡಿದು ತಾರಸಿಗೆ ಹೋಗುತ್ತಿದ್ದಿರಿ. ಯಾಕೆಂದು ನಿಮಗೆ ಆಗ ಗೊತ್ತಿತ್ತೋ ಇಲ್ಲವೋ. ಅದು ನನ್ನಿಂದಾಗಿ. ಅಜ್ಜಿ ಮಾಂಸ ಬಿಟ್ಟಿದ್ದಾಳೆ, ಅವಳಿರುವ ಅಡುಗೆಮನೆಯಲ್ಲಿ ಕೋಳಿ ಬೇಯಿಸಬಾರದು, ಅದರ ವಾಸನೆಯೂ ಅವಳಿಗೆ ತಾಗಬಾರದು ಎಂದು ನಿಮ್ಮ ಅಮ್ಮ ಅಂದುಕೊಂಡಿದ್ದಳು. ಮರಳೂರಿನ ನಮ್ಮ ಮನೆಯಲ್ಲಿ ಬಿರಿಯಾನಿ ಹೊಸ್ತಿಲು ದಾಟದೆ ಹೊರಗಿನ ಮೆಟ್ಟಿಲು ಹತ್ತಿಬಿಡುತ್ತಿತ್ತು.

ನಾನು ಯಾವ ಹರಕೆಯನ್ನೂ ಹೊತ್ತಿರಲಿಲ್ಲ. ನಿಮ್ಮ ತಾತ ಹೋದ ಮೇಲೆ ವರ್ಷ ತುಂಬುವವರೆಗೆ ತಿನ್ನಲು ಮನಸ್ಸಾಗಲಿಲ್ಲ, ಅಷ್ಟೇ. ವರ್ಷ ತುಂಬಿತು. ಅಷ್ಟರಲ್ಲಿ ಗುಬ್ಬಿಯ ಬೀಗರು ಬಂದಾಗಲೆಲ್ಲ ದೊಡ್ಡ ಮನಸ್ಸು, ಪೂರ್ತಿ ಬಿಟ್ಟೇಬಿಟ್ಟರು ಎಂದು ನನ್ನನ್ನು ಹೊಗಳಿ ಹೋಗಿದ್ದರು. ಅದಾದ ಮೇಲೆ ನನಗೂ ಎರಡು ತುಂಡು ಹಾಕಿ ಎಂದು ಹೇಗೆ ಕೇಳಲಿ? ನಾನು ಮೊದಲಿನಿಂದಲೂ ನಾಚಿಕೆಯವಳು. ಕಿಟಕಿಯಾಚೆ ನಿಮ್ಮ ಪಾರ್ಸಲಿನ ಘಮ ಮೇಲೆ ಹೋಗುತ್ತಿದ್ದರೆ ಮಜ್ಜಿಗೆ ಅನ್ನ ಕಲಸುತ್ತ ಕೂತಿರುತ್ತಿದ್ದೆ.

ಪಿತೃಪಕ್ಷದ ಎಡೆಯನ್ನು ಪ್ರತಿ ವರ್ಷ ಕುಣಿಗಲ್ ಹತ್ತಿರದ ನಮ್ಮೂರಿನಲ್ಲಿ, ನನ್ನ ಮೈದುನನ ಮನೆಯಲ್ಲಿ ಇಡುತ್ತಿದ್ದೆವು. ಈ ಸಲ ಅವರು ಮನೆ ಬಿಚ್ಚಿ ಹೊಸದಾಗಿ ಕಟ್ಟಿಸುತ್ತಿದ್ದರಿಂದ ಎಡೆ ನಮ್ಮ ಮನೆಗೆ ಬಂತು. ತಾತನ ಎಲೆಗೆ ಮುದ್ದೆ, ಕೋಳಿ ಸಾರು ಇಲ್ಲದಿದ್ದರೆ ನಡೆಯುವುದಿಲ್ಲ. ಅಮ್ಮ ಬಿಟ್ಟಿದ್ದಾಳೆ, ಅವಳ ಒಲೆಯ ಮೇಲೆ ಬೇಡ, ಹೋಟೆಲಿನಿಂದಲೇ ತರಿಸಿ ಇಟ್ಟರಾಯಿತು ಎಂದು ನಿಮ್ಮಪ್ಪ ತೀರ್ಮಾನಿಸಿದ.

ನೀವು ನಾಲ್ವರೂ ಫೋನಿನ ಸುತ್ತ ಕೂತಿರಿ. ಚಿನ್ನುವಿಗೆ ಆಫರ್ ಇರುವ ಹೋಟೆಲೇ ಬೇಕು. ಪುಟ್ಟಿ ಸ್ಟಾರ್ ಎಷ್ಟಿದೆ ಎಂದು ನೋಡುತ್ತಿದ್ದಳು. ನಿಮ್ಮ ಅಮ್ಮನಿಗೆ ದಾರಿಯಲ್ಲಿ ಸಾರು ಚೆಲ್ಲದಂತೆ ಕಟ್ಟಿಕೊಡುವವರು ಸಿಕ್ಕರೆ ಸಾಕಿತ್ತು. ಎಡೆಯ ಹೊತ್ತಿಗೆ ಬಂದರೆ ಯಾವುದಾದರೇನು ಎಂಬುದು ನಿಮ್ಮಪ್ಪನ ಮಾತು. ಆಗ ಪುಟ್ಟಿ ಕೇಳಿದಳು, "ತಾತಂಗೆ ಕಬಾಬ್ ಇಷ್ಟ ಇತ್ತಾ?"

ತಾತ ಹೋಟೆಲಿನ ಸಾರು ಕಂಡರೆ, ಇದರಲ್ಲಿ ಕೋಳಿ ಈಜಿ ದಡ ಸೇರಿದೆ ಎಂದು ತಟ್ಟೆ ಸರಿಸುತ್ತಿದ್ದವರು. ಅಂಥವರ ಫೋಟೊ ಮುಂದೆ ಅದೇ ಸಾರು ಇಡುವುದನ್ನು ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ.

"ತಡೀಲಾ. ಕೋಳಿ ತಗೊಂಬಾ, ನಾನೇ ಮಾಡ್ತೀನಿ" ಎಂದೆ ನಿಮ್ಮಪ್ಪನಿಗೆ.

"ನೀನು ಬಿಟ್ಟಿದ್ದೀಯಲ್ಲಮ್ಮ?"

"ಬಿಟ್ಟೆ ಅಂತ ಯಾವತ್ತು ಹೇಳ್ದೆ?"

ನಿಮ್ಮ ಅಮ್ಮ ನನ್ನನ್ನೇ ನೋಡಿದಳು. "ಹಂಗಾದ್ರೆ ಇಷ್ಟು ವರ್ಷ ನಾವು ಬಿಸಿಲಲ್ಲಿ ಕೂತು ಉಂಡಿದ್ದು ಯಾಕತ್ತೆ?" ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೂ ನಗು ಬಂತು.

ಕೊಬ್ಬರಿ, ಧನಿಯ ಹುರಿದು ಖಾರ ರುಬ್ಬಿದೆ. ಎಡೆಗಿಡುವ ಅಡುಗೆಯ ರುಚಿ ನೋಡುವಂತಿಲ್ಲ. ಕೈ ಅಭ್ಯಾಸ ತಪ್ಪಿತ್ತು. ಪೂಜೆ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತೆವು. ನಿಮ್ಮ ಅಮ್ಮ ಸೌಟು ಹಿಡಿದು ನನ್ನ ಎಲೆಯ ಮುಂದೆ ಒಂದು ಗಳಿಗೆ ನಿಂತಳು. ನಾನು ಕೈ ಅಡ್ಡ ಇಡಲಿಲ್ಲ. ಬಡಿಸಿದಳು. ಉಪ್ಪು ಒಂದು ಕಲ್ಲು ಹೆಚ್ಚೇ ಆಗಿತ್ತು. ಮತ್ತೆ ಹಾಕಿಸಿಕೊಂಡು ಉಂಡೆ.

ಈಗಲೂ ನೀವು ಪಾರ್ಸಲ್ ತರಿಸುತ್ತೀರಿ. ನಿಮ್ಮಮ್ಮ ಕೆಲಸದಿಂದ ಬಂದು ಸುಸ್ತಾಗಿರುತ್ತಾಳೆ, ಬೇಡ ಎನ್ನಲು ನಾನ್ಯಾರು? ಆದರೆ ಈಗ ಕೆಳಗೇ ಕೂತು ಉಣ್ಣುತ್ತೀರಿ, ನಿನಗೇನು ಬೇಕಜ್ಜಿ ಎಂದು ಕೇಳುತ್ತೀರಿ. ಕಬಾಬ್ ಎನ್ನಲು ಇನ್ನೂ ನಾಚಿಕೆ, ಆದರೂ ಹೇಳುತ್ತೇನೆ.

ಈ ಹಾಳೆಗಳನ್ನು ಬೀರುವಿನಲ್ಲಿ, ನೀರು ತಾಗದ ಕಡೆ ಇಡಿ ಮಕ್ಕಳೇ. ಮುಂದೆ ನನ್ನ ಎಡೆಗೆ ಏನಿಡಬೇಕೆಂದು ಯಾರೂ ಊಹಿಸುವುದು ಬೇಡ.