ಬೀಳೋ ಗಾಡಿ ಹಿಡಿಯಬೇಡಿ ಎಂದವನು

ಅವನ ಬಲಗಾಲಿನ ಮೀನಖಂಡದ ಒಳಗಡೆ ಅಂಗೈ ಅಗಲದ ಸುಟ್ಟ ಕಲೆ ಇತ್ತು. ಸೀದ ದೋಸೆಯ ಬಣ್ಣ. ಅದರ ಮೇಲೆ ಒಂದೂ ಕೂದಲಿಲ್ಲ, ಬಿಸಿಲಿಗೆ ಹೊಳೆಯುತ್ತಿತ್ತು. ಹೊಸಬರು ಯಾರಾದರೂ ಗ್ಯಾರೇಜಿಗೆ ದೊಡ್ಡ ಗಾಡಿ ತಂದರೆ ಅವನು ಮೊದಲು ಗಾಡಿ ನೋಡುತ್ತಿರಲಿಲ್ಲ. ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ ಆ ಕಲೆ ತೋರಿಸುತ್ತಿದ್ದ.

"ಇಪ್ಪತ್ತನೇ ವಯಸ್ಸಲ್ಲಿ ಬೀಳ್ತಿದ್ದ ಬುಲೆಟ್ಟನ್ನ ಹಿಡಿಯೋಕೆ ಹೋದೆ ಸಾರ್. ಸೈಲೆನ್ಸರ್ ಮುತ್ತು ಕೊಡ್ತು. ಬೀಳೋ ಗಾಡಿ ಹಿಡೀಬೇಡಿ. ಬಿಟ್ಟು ಹಿಂದಕ್ಕೆ ಹಾರಿ. ಗಾಡಿ ರಿಪೇರಿ ನಾನ್ ಮಾಡ್ತೀನಿ, ಕಾಲು ರಿಪೇರಿ ನಂಗೆ ಬರಲ್ಲ."

ಸುಬ್ರಹ್ಮಣ್ಯಪುರದ ನಮ್ಮ ರೋಡಿನ ತುದಿಯಲ್ಲಿ ಅವನ ಗ್ಯಾರೇಜು. ಅಲ್ಲಿಂದ ನಾಲ್ಕನೇ ಮನೆ ನಮ್ಮದು. ಕೋಣನಕುಂಟೆ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವನು. ಎಲ್ಲರೂ ಅವನನ್ನು ಮೆಕ್ಯಾನಿಕ್ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ. ಅವನಿಗೂ ಅವನ ಹೆಂಡತಿಗೂ ಮಕ್ಕಳಿಲ್ಲ. ನಾನು ಮನೆ ಮುಂದೆ ಕೂತು ಹೂವು ಕಟ್ಟಿ ಮಾರುವವಳು. ಅವನ ಹೆಂಡತಿ ದಿನಾ ಸಾಯಂಕಾಲ ಒಂದು ಮೊಳ ಹೂವಿಗೆ ಬಂದು, ಅರ್ಧ ಗಂಟೆ ನನ್ನ ಪಕ್ಕದ ಮೆಟ್ಟಿಲಿನ ಮೇಲೆ ಕೂತು, ಗಂಡನನ್ನು ಬೈದು, ಎದ್ದು ಹೋಗುತ್ತಿದ್ದಳು. ಬೈಗುಳದಲ್ಲಿ ವಿಷವಿರಲಿಲ್ಲ. ಗ್ರೀಸು ಮೆತ್ತಿದ ಶರ್ಟು, ಹೊತ್ತಿಗೆ ಸರಿಯಾಗಿ ತಿನ್ನದ ಶುಗರ್ ಮಾತ್ರೆ, ಇಂಥವೇ.

ಅವನು ನನ್ನನ್ನು ಕಂಡರೆ ಸುಮ್ಮನೆ ಹೋಗುವವನಲ್ಲ.

"ಏನಜ್ಜಿ, ಇವತ್ತು ಕನಕಾಂಬರ ಮುಖ ಸಪ್ಪಗೆ ಮಾಡ್ಕೊಂಡಿದೆ?"

"ನಿನ್ ಗ್ಯಾರೇಜಿನ ಹೊಗೆ ಕುಡ್ದು ಕುಡ್ದು ಇನ್ನೇನಾಗತ್ತೆ? ಹೋಗ್ ಹೋಗು."

ನನ್ನ ಮಗಳ ಮಗಳು ನನ್ನ ಜೊತೆಯಲ್ಲೇ ಇದ್ದಾಳೆ. ಬಿಟಿಎಂ ಲೇಔಟಿನ ಆಫೀಸೊಂದಕ್ಕೆ ಹೋಗುತ್ತಾಳೆ. ಐದಡಿ ಮುಟ್ಟದ ಹುಡುಗಿ. ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಯಾರೋ ಓಡಿಸಿ ಬಿಟ್ಟಿದ್ದ ಬುಲೆಟ್ಟನ್ನು ಕೊಂಡು, ಟೆಂಪೋದಲ್ಲಿ ಹೇರಿಸಿಕೊಂಡು ಬಂದು ಗ್ಯಾರೇಜಿನ ಮುಂದೆ ಇಳಿಸಿದಳು. ನಾನು ಓಡಿದೆ.

"ಹೆಣ್ ಹುಡ್ಗೀಗೆ ಈ ಎಮ್ಮೆ ಯಾಕಪ್ಪಾ? ನೀನಾದ್ರೂ ಬುದ್ಧಿ ಹೇಳು."

"ನಮ್ಮೂರಲ್ಲಿ ಎಮ್ಮೆ ಹಿಡೀತಿದ್ದೋರೆಲ್ಲ ಹೆಣ್ಮಕ್ಳೇ ಅಜ್ಜಿ," ಎಂದು ನಕ್ಕ. ಅವಳ ಕಡೆ ತಿರುಗಿ, "ಮೇಡಂ, ಕೀ ನನ್ ಹತ್ರ ಇರ್ಲಿ. ನಾನ್ ಕೊಟ್ಟಾಗ ತಗೋಬೇಕು," ಎಂದ.

ಕೀ ಕೊಡಲು ಅವನದೇ ಒಂದು ಕ್ರಮವಿತ್ತು. ಗ್ಯಾರೇಜಿನ ಪಕ್ಕದ ಖಾಲಿ ಸೈಟಿನಲ್ಲಿ ಗೋಣಿಚೀಲ ಹಾಸಿ ಗಾಡಿಯನ್ನು ಅದರ ಮೇಲೆ ಬೇಕೆಂದೇ ಮಲಗಿಸುತ್ತಿದ್ದ. ಮೊದಲು ಅದನ್ನು ಎತ್ತಿ ನಿಲ್ಲಿಸಬೇಕು. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಸೈಟನ್ನು ಮೂರು ಸುತ್ತು ಬರಬೇಕು. ಅದಾದ ಮೇಲೇ ಓಡಿಸುವ ಮಾತು. ಕಾಲಿಗೆ ಶೂ ಇಲ್ಲದಿದ್ದರೆ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಅವನೂ ಬೇಸಿಗೆಯಲ್ಲಿ ಕೂಡ ದಪ್ಪ ಶೂ ಹಾಕಿಕೊಂಡೇ ಇರುತ್ತಿದ್ದ.

ಮೊದಲ ದಿನ ಇವಳು ಬಗ್ಗಿ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಎಳೆದಳು. ಗಾಡಿ ಅಲುಗಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದ ಒಬ್ಬ ದಾಂಡಿಗ, "ಗುರು, ಗಾಡಿಗೆ ನಿದ್ದೆ ಬಂದಿದೆ, ಜೋಗುಳ ಹಾಡು!" ಎಂದು ಕೂಗಿದ. ಹುಡುಗಿಯ ಕಣ್ಣಲ್ಲಿ ನೀರು ಬಂತು.

ಮೆಕ್ಯಾನಿಕ್ ಅವನನ್ನೇ ಕರೆದ. "ಬಾ ಮಗಾ, ನೀನೇ ಎಬ್ಬಿಸು."

ಅವನು ಬಂದು ತೋಳು ಮಡಚಿ ಎತ್ತಿದ. ಗಾಡಿ ಒಂದು ಗೇಣು ಎದ್ದು ಮತ್ತೆ ಮಲಗಿತು. ಅವನು ಸೊಂಟ ಹಿಡಿದುಕೊಂಡು ನಿಂತ.

"ಈಗ ನೀನ್ ಬಾರಮ್ಮ. ಗಾಡಿಗೆ ಬೆನ್ನು ಕೊಡು. ಸೀಟಿಗೆ ಒರಗಿ ಕುಕ್ಕರಗಾಲಲ್ಲಿ ಕೂತ್ಕೊ. ಒಂದ್ ಕೈ ಹ್ಯಾಂಡಲ್, ಒಂದ್ ಕೈ ಸೀಟಿನ ಕೆಳಗಿನ ಕಂಬಿ. ಕೈಯಲ್ಲಿ ಎತ್ಬೇಡ. ಬೆನ್ನಲ್ಲಿ ತಳ್ತಾ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡು."

ಎದ್ದು ನಿಂತಿತು ಗಾಡಿ. ದಾಂಡಿಗ ಟೀ ಅರ್ಧಕ್ಕೇ ಬಿಟ್ಟು ಹೋದ.

ಓಡಿಸುವುದನ್ನು ನಮ್ಮ ರೋಡಿನಲ್ಲೇ ಕಲಿಸುವಾಗ ಅವನು ಪಕ್ಕದಲ್ಲಿ ಕೈಕಟ್ಟಿಕೊಂಡು ನಡೆಯುತ್ತಿದ್ದ. ಗಾಡಿ ಅವನನ್ನು ದಾಟಬಾರದು, ಕಾಲೂ ನೆಲಕ್ಕೆ ತಾಗಬಾರದು. "ಜೋರಾಗಿ ಓಡ್ಸೋಕೆ ಯಾರ್ ಬೇಕಾದ್ರೂ ಓಡಿಸ್ತಾರೆ. ನನ್ ನಡಿಗೇಲಿ ಓಡ್ಸು ನೋಡೋಣ. ಕ್ಲಚ್ ಅರ್ಧ ಬಿಡು, ಹಿಂದಿನ ಬ್ರೇಕ್ ಮೇಲೆ ಕಾಲಿರ್ಲಿ. ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಬ್ರೇಕ್ ಮುಟ್ಬೇಡ. ನೆಲ ನೋಡಿದ್ರೆ ನೆಲಕ್ಕೇ ಹೋಗ್ತೀಯ. ಹೋಗೋ ಕಡೆ ನೋಡು." ನಾನು ಹೂವು ಕಟ್ಟುತ್ತಾ ಕೇಳಿ ಕೇಳಿ ನನಗೇ ಬಾಯಿಪಾಠವಾಗಿತ್ತು. ಒಂದೂವರೆ ತಿಂಗಳು ಹೀಗೆ ನಡೆದ ಮೇಲೆ ಕೀ ಕೊಟ್ಟ.

ಗಾಡಿ ನಿಲ್ಲಿಸುವ ಜಾಗವನ್ನೂ ಅವನೇ ಬಂದು ನೋಡಿದ. ನಮ್ಮ ಗೇಟಿನಿಂದ ಮೋರಿಯ ಚಪ್ಪಡಿಯ ತನಕ ಸಿಮೆಂಟಿನ ಇಳಿಜಾರು. ರೋಡು ಪೂರ್ವಕ್ಕಿದೆ, ಮನೆ ಎತ್ತರದಲ್ಲಿದೆ. ಗೇಟಿನ ಒಳಗೂ ನೆಲ ರೋಡಿನ ಕಡೆಗೇ ಇಳಿಯುತ್ತದೆ.

"ಮುಂದಿನ ಚಕ್ರ ಮನೆ ಕಡೆಗೇ ಇರ್ಬೇಕು, ಮೇಲಕ್ಕೆ. ಆಗ ಗಾಡಿ ಭಾರ ಹಿಂದಕ್ಕೆ ಜಗ್ಗಿ ಸ್ಟ್ಯಾಂಡ್ ಗಟ್ಟಿಯಾಗಿ ನಿಲ್ಲತ್ತೆ. ಕೆಳಕ್ಕೆ ಮುಖ ಮಾಡಿದ್ರೆ ಗಾಡಿ ಮುಂದಕ್ಕೆ ಜಾರತ್ತೆ, ಸ್ಟ್ಯಾಂಡ್ ಮಡಚ್ಕೊಳತ್ತೆ. ಫಸ್ಟ್ ಗೇರಲ್ಲೇ ಬಿಟ್ಟು ಇಳೀಬೇಕು. ಅಜ್ಜಿ, ನಿಮಗೂ ಹೇಳ್ತಿದೀನಿ."

"ನನಗ್ಯಾಕೆ? ನಾನೇನ್ ಓಡಿಸ್ತೀನಾ?" ಎಂದೆ.

ಹೋದ ವರ್ಷದ ಆಯುಧಪೂಜೆಯ ದಿನ. ಮೊಮ್ಮಗಳು ಬೆಳಿಗ್ಗೆಯೇ ಗಾಡಿ ತೊಳೆದು ಸ್ನಾನಕ್ಕೆ ಹೋಗಿದ್ದಳು. ನೆಲ ಇನ್ನೂ ಒದ್ದೆ. ಅರಿಶಿನ ಕುಂಕುಮ ಹಚ್ಚಲು ಹೋದವಳಿಗೆ ಗಾಡಿಯ ಮುಖ ಪಶ್ಚಿಮಕ್ಕಿದ್ದದ್ದು ಕಣ್ಣಿಗೆ ಚುಚ್ಚಿತು. ಪೂಜೆಗೆ ಕೂರಿಸುವುದನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಬೇಕು. ನನ್ನ ಅತ್ತೆ ಒನಕೆ, ಬೀಸುವ ಕಲ್ಲಿಗೂ ಹಾಗೇ ಮಾಡುತ್ತಿದ್ದರು. ಪಕ್ಕದ ಮನೆಗೆ ನೀರಿನ ಕ್ಯಾನ್ ತಂದಿದ್ದ ಇಬ್ಬರನ್ನು ಕರೆದೆ. ದೇವರ ಮುಂದಿಟ್ಟಿದ್ದ ಕೀಯನ್ನು ನಾನೇ ತಂದುಕೊಟ್ಟೆ. ಅವರು ಲಾಕ್ ತೆಗೆದು, ಗೇರ್ ಬಿಡಿಸಿ, ಹಿಂದೆ ಮುಂದೆ ತಳ್ಳಿ ಗಾಡಿಯನ್ನು ರೋಡಿಗೆ ಮುಖ ಮಾಡಿಸಿ, ಸ್ಟ್ಯಾಂಡ್ ಹಾಕಿ ಹೋದರು. ಅವರದೇನೂ ತಪ್ಪಿಲ್ಲ. ಹೇಳಿದವಳು ನಾನು.

ಮುಂದಿನ ಚಕ್ರಕ್ಕೆ ನಿಂಬೆಹಣ್ಣು ಇಡಲು ಕುಕ್ಕರಗಾಲಲ್ಲಿ ಕೂತೆ. ಹ್ಯಾಂಡಲಿಗೆ ಹಾಕಿದ್ದ ಹಾರ ಓರೆಯಾಗಿದೆ ಅನ್ನಿಸಿ, ಕೂತಲ್ಲಿಂದಲೇ ಕೈ ಚಾಚಿ ಎಳೆದೆ. ಅದೇ ಹೊತ್ತಿಗೆ ಮೆಕ್ಯಾನಿಕ್ ಗ್ಯಾರೇಜಿನ ಪೂಜೆಗೆ ಹೇಳಿಟ್ಟಿದ್ದ ಹಾರ ತೆಗೆದುಕೊಂಡು ಹೋಗಲು ಬಂದ. ಹೊಸ ಪಂಚೆ ಉಟ್ಟಿದ್ದ. ರಂಗೋಲಿ ನೋಡಿ ಗೇಟಿನ ಹೊರಗೇ ಚಪ್ಪಲಿ ಬಿಟ್ಟ.

"ಅಜ್ಜೀ, ಏಳಿ! ಪಕ್ಕಕ್ಕೆ!"

ನನಗೆ ಮೊಣಕಾಲು ನೋವು, ಕೂತರೆ ಏಳಲು ಗೋಡೆ ಬೇಕು. ಗಾಡಿ ಮುಂದಕ್ಕೆ ಜಾರಿ ನನ್ನ ಮೇಲೆಯೇ ವಾಲುವುದು ಕಾಣಿಸಿತು. ಅವನು ನಡುವೆ ನುಗ್ಗಿ, ಭುಜ ಕೊಟ್ಟು ಗಾಡಿಯನ್ನು ಹಿಡಿದ. ನಾನು ಕೈಯೂರಿ ತೆವಳಿಕೊಂಡು ಈಚೆ ಬರುವಷ್ಟು ಹೊತ್ತು ಹಿಡಿದಿದ್ದ. ಆಮೇಲೆ ಒದ್ದೆ ಸಿಮೆಂಟಿನ ಮೇಲೆ ಅವನ ಪಾದ ಜಾರಿತು. ಗಾಡಿಯ ಅಷ್ಟೂ ಭಾರ ಎಡಗಾಲಿನ ಮೇಲೆ ಬಿತ್ತು.

ಸದ್ದು ಕೇಳಿ ಮೊಮ್ಮಗಳು ಒದ್ದೆ ತಲೆಯಲ್ಲೇ ಓಡಿ ಬಂದಳು. ಗಾಡಿಗೆ ಬೆನ್ನು ಕೊಟ್ಟು ಎತ್ತಿದಳು. ಅವನು ನೋವಿನಲ್ಲೂ, "ಸರಿಯಾಗಿ ಎತ್ತಿದೆ ಕಣಮ್ಮ," ಎಂದ. ಆಟೋ ಬರುವ ತನಕ ನನ್ನ ಕೈ ಹಿಡಿದುಕೊಂಡಿದ್ದ.

"ಅಜ್ಜಿ, ಗಾಡಿ ಜಾರ್ತು, ನಾನ್ ಹಿಡ್ಕೊಂಡೆ. ಅಷ್ಟೇ ಹೇಳಿ. ನೀವು ತಿರುಗಿಸಿದ್ದು ನನ್ ಹೆಂಡ್ತಿಗೆ ಹೇಳ್ಬೇಡಿ. ಈ ರೋಡಲ್ಲಿ ಅವಳಿಗೆ ಇರೋದು ನೀವೊಬ್ರೇ. ನಿಮ್ ಹತ್ರ ಮಾತು ಬಿಟ್ರೆ ಎಲ್ಲಿಗ್ ಹೋಗ್ತಾಳೆ?"

ನಾನು ಸರಿ ಎಂದೆ. ಅವನಿಗಾಗಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಾಗಿತ್ತು.

ಮೂಳೆ ಕೂಡಿತು, ಗಾಯ ಕೂಡಲಿಲ್ಲ. ಶುಗರ್ ಇದ್ದ ಮೈ. ಮೊದಲು ಎರಡು ಬೆರಳು ತೆಗೆದರು. ಸಂಕ್ರಾಂತಿ ಹೊತ್ತಿಗೆ ಪಾದ ತೆಗೆದರು. ಗ್ಯಾರೇಜು ಬಾಗಿಲು ಹಾಕಿತು. ನಾನು ವಾರಕ್ಕೆ ಎರಡು ಸಲ ಹೋಗಿ ನೋಡಿಕೊಂಡು ಬರುತ್ತಿದ್ದೆ. ಹೋದಾಗಲೆಲ್ಲ ಹೆಂಡತಿ ನನ್ನೆದುರಿಗೇ ಅವನನ್ನು ಬೈಯುತ್ತಿದ್ದಳು.

"ಮೂವತ್ ವರ್ಷ ಊರೋರಿಗೆಲ್ಲ ಹಿಡೀಬೇಡಿ ಹಿಡೀಬೇಡಿ ಅಂತ ಭಾಷಣ! ಒಂದ್ ತಗಡು ಉಳ್ಸೋಕೆ ಕಾಲ್ ಕೊಟ್ಟಿದೀಯಲ್ಲ, ನಿಂಗೆ ತಲೇಲಿ ಏನಾದ್ರೂ ಇದ್ಯಾ? ನನ್ ಗತಿ ಏನು ಅಂತ ಒಂದ್ ನಿಮಿಷ ಯೋಚ್ನೆ ಮಾಡಿದ್ಯಾ?"

ಈ ಸಲದ ಬೈಗುಳ ಮೆಟ್ಟಿಲಿನ ಮೇಲಿನ ಬೈಗುಳವಲ್ಲ. ಅವನು ಗೋಡೆ ನೋಡುತ್ತಿದ್ದ. ಒಮ್ಮೆ ನಾನು ಬಾಯಿ ತೆರೆಯಲು ಹೋದಾಗ ಬೇಡವೆಂದು ತಲೆಯಾಡಿಸಿದ. ನಾನು ಬಾಯಿ ಮುಚ್ಚಿಕೊಂಡೆ.

ಗಾಡಿ ತಿರುಗಿದ್ದನ್ನು ನೋಡಿಯೇ ಎಲ್ಲ ತಿಳಿದುಕೊಂಡಿದ್ದ ಮೊಮ್ಮಗಳು ದಿನಾ ಹೇಳುತ್ತಿದ್ದಳು. "ಆಂಟಿಗೆ ಹೇಳ್ಬಿಡು ಅಜ್ಜಿ. ಅಂಕಲ್ ನಿನಗೋಸ್ಕರ ಹಿಡಿದಿದ್ದು ಅಂತ ಅವ್ರಿಗೆ ಗೊತ್ತಾಗ್ಬೇಕು."

"ಅವನೇ ಬೇಡ ಅಂದಿದಾನೆ."

"ಅವ್ರು ಅಂತಾರೆ. ನಿನಗೆ ಅನ್ಸಲ್ವಾ?"

ನಾಳೆ ನಾಳೆ ಎಂದುಕೊಂಡೇ ಇದ್ದೆ. ಶಿವರಾತ್ರಿ ಕಳೆದು ನಾಲ್ಕನೇ ದಿನ ಅವನಿಗೆ ಜ್ವರ ತಲೆಗೇರಿತು. ಮಾರನೇ ದಿನ ಮಧ್ಯಾಹ್ನ ಅವನು ಹೋದ. ಬಸವಣ್ಣನ ಗುಡಿಯ ಹಿಂದಿನ ಜಾಗದಲ್ಲಿ ಮಣ್ಣು ಮಾಡಿದರು. ಗಾಡಿ ಕಲಿತವರೆಲ್ಲ ಬಂದಿದ್ದರು. ಗಾಡಿಗಳನ್ನು ದೂರದಲ್ಲೇ ನಿಲ್ಲಿಸಿ, ಇಂಜಿನ್ ಆರಿಸಿ, ಅಲ್ಲಿಂದ ತಳ್ಳಿಕೊಂಡು ಬಂದರು. ಯಾರು ಹೇಳಿದರೋ ಗೊತ್ತಿಲ್ಲ.

ಹನ್ನೊಂದನೇ ದಿನದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಅವನ ಹೆಂಡತಿ ನನ್ನ ಪಕ್ಕ ಬಂದು ಕೂತಳು.

"ಕೊನೇ ದಿನಾನೂ ಬೈದೆ ಅಜ್ಜಿ. ನೀರು ಕುಡಿಸ್ತಾ ಕುಡಿಸ್ತಾ ಬೈದೆ. ಒಂದ್ ಗಾಡಿಗೆ ನನ್ ಮಾರ್ಕೊಂಡ್ಬಿಟ್ಟ ಅಂತ ಸಿಟ್ಟು."

ಆಗ ಹೇಳಿದೆ. ಪೂರ್ವ, ಕೀ, ನೀರಿನ ಕ್ಯಾನಿನವರು, ನಾನು ಕೂತಿದ್ದ ಜಾಗ, ಅವನು ಆಟೋ ಬರುವ ಮುಂಚೆ ಆಡಿದ ಮಾತು, ಎಲ್ಲ ಹೇಳಿದೆ. ಬೈಯಲಿ, ಹೊಡೆಯಲಿ ಎಂದುಕೊಂಡೇ ಹೇಳಿದೆ. ಅವಳು ಎರಡನ್ನೂ ಮಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಗೊತ್ತಿದ್ದಿದ್ರೆ ಒಂದ್ ದಿನ ಆದ್ರೂ ಅವ್ರ ಹತ್ರ ಚೆನ್ನಾಗ್ ಮಾತಾಡ್ತಿದ್ದೆನಲ್ಲಜ್ಜಿ," ಎಂದಳು. ಎದ್ದು ಒಳಗೆ ಹೋದಳು.

ಅವಳೀಗ ಅವನ ಫೋಟೋಗೆ ಹಾಕುವ ಹೂವನ್ನು ಬೇರೆ ಕಡೆಯಿಂದ ತರಿಸಿಕೊಳ್ಳುತ್ತಾಳೆ. ಸರಿಯೇ. ಆ ಮನುಷ್ಯ ನನ್ನ ಜೀವ ಉಳಿಸಿದ ಎಂದು ರೋಡಿನವರು ಹೇಳುತ್ತಾರೆ. ಅದೂ ಸರಿಯೇ. ನಾನು ಅವನಿಗೆ ಕೊಟ್ಟದ್ದು ಐದು ತಿಂಗಳ ಬೈಗುಳ.